ಇದೆ ಎಂಬುದು ಗೊತ್ತು, ಯಾವುದೆಂದು ಗೊತ್ತಿಲ್ಲ

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ 14,75,73,95,25,89,67,64,12,927. ಫ್ರಾನ್ಸಿನ ಪಾದ್ರಿ ಮರಾಂ ಮೆರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದ. ಅದೇ ದೇಶದ ಎದುವಾರ್ ಲ್ಯೂಕಾ 1876ರಲ್ಲಿ, ಇದು ಅವಿಭಾಜ್ಯವಲ್ಲ ಎಂದು ಸಾಧಿಸಿದ. ಹಾಗಾದರೆ ಯಾವುದರಿಂದ ಭಾಗವಾಗುತ್ತದೆ? ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಒಂದು ವಸ್ತು ಇದೆ ಎಂಬ ಅರಿವು, ಅದು ಯಾವುದು ಎಂಬ ಅರಿವು, ಇವೆರಡೂ ಬೇರೆ ಬೇರೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅಪವರ್ತನವನ್ನು ಕಾಣದೆಯೇ ಅದು ಇದೆ ಎನ್ನುವುದು ಹೇಗೆ? ಲ್ಯೂಕಾನ ದಾರಿಯನ್ನು 1930ರಲ್ಲಿ ಗಣಿತಜ್ಞ ಡಿ.ಎಚ್. ಲೆಹ್ಮರ್ ಸರಳಗೊಳಿಸಿದ. ಆ ರೂಪವನ್ನು 127ರ ಮೇಲೆ ಪ್ರಯೋಗಿಸಿ ನೋಡಬಹುದು. ಅದು ಏಳು ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆ. 4ರಿಂದ ಹೊರಡಿ. ವರ್ಗ ಮಾಡಿ 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಉಳಿಸಿಕೊಳ್ಳಿ, ಮತ್ತೆ ಅದನ್ನೇ ಮಾಡಿ: 4, 14, 67, 42, 111, 0. ಆರನೆಯ ಜಾಗದಲ್ಲಿ ಸೊನ್ನೆ ಬಂತು, 127 ಅವಿಭಾಜ್ಯ. ನಮ್ಮ ದೊಡ್ಡ ಸಂಖ್ಯೆಗಾದರೆ ಅರವತ್ತಾರನೆಯ ಜಾಗದಲ್ಲಿ ಸೊನ್ನೆ ಬರಬೇಕು. ಬರುವುದಿಲ್ಲ. ಅವಿಭಾಜ್ಯವಾಗಿದ್ದರೆ ಬರಲೇಬೇಕಿತ್ತು, ಆದ್ದರಿಂದ ಅವಿಭಾಜ್ಯವಲ್ಲ. ಈ ಲೆಕ್ಕದಲ್ಲಿ ಎಲ್ಲಿಯೂ ಅಪವರ್ತನದ ಮುಖ ಕಾಣುವುದಿಲ್ಲ.

ಹೀಗೆ ಕಾಣದೆಯೇ ತರ್ಕದಿಂದ ತಿಳಿಯುವುದನ್ನು ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಅನುಮಾನ ಪ್ರಮಾಣ ಎನ್ನುತ್ತಿದ್ದರು. ವಾತ್ಸ್ಯಾಯನ ತನ್ನ ನ್ಯಾಯಭಾಷ್ಯದಲ್ಲಿ ಒಂದೇ ಬೆಂಕಿಯನ್ನು ಮೂರು ಬಗೆಯಲ್ಲಿ ತಿಳಿಯುವ ಮಾತೆತ್ತುತ್ತಾನೆ. ಅಲ್ಲಿ ಬೆಂಕಿಯಿದೆ ಎಂದು ನಂಬಿಕಸ್ತರು ಹೇಳುತ್ತಾರೆ. ಹತ್ತಿರ ಹೋಗುತ್ತ ಹೊಗೆ ಕಂಡು ಊಹಿಸುತ್ತೇವೆ. ತಲುಪಿದ ಮೇಲೆ ಕಣ್ಣಾರೆ ನೋಡುತ್ತೇವೆ. ನೋಡಿದ ಮೇಲೆ ಜಿಜ್ಞಾಸೆ ನಿಲ್ಲುತ್ತದೆ. ಊಹೆ ನಿಜವಾಗಿದ್ದರೂ ನೋಡುವ ಆಸೆ ಉಳಿದಿರುತ್ತದೆ ಎಂಬ ಈ ಒಳನೋಟ ನನಗೆ ಬಹಳ ದೊಡ್ಡದಾಗಿ ತೋರುತ್ತದೆ. ಮೆರ್ಸೆನ್ನನ ಮಾತು ಸುಳ್ಳಾಯಿತು, ಲ್ಯೂಕಾನ ಅನುಮಾನ ನಿಂತಿತು, ಆದರೂ ಹುಡುಕಾಟ ಮುಗಿಯಲಿಲ್ಲ.

ಮುಗಿದದ್ದು 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಎರಡು ಸಂಖ್ಯೆಗಳನ್ನು ಮುಂದಿಟ್ಟ: 193707721 ಮತ್ತು 761838257287. ಅವನು ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಕುಳಿತ ಎಂದು ಗಣಿತಜ್ಞ ಇ.ಟಿ. ಬೆಲ್ ಬರೆದಿದ್ದಾನೆ. ಹುಡುಕಲು ವರ್ಷಗಳು ಬೇಕಾಗಿದ್ದನ್ನು ತಾಳೆ ನೋಡಲು ಒಂದು ಹಾಳೆ ಸಾಕು. ಕೊನೆಯ ಮೂರು ಅಂಕೆಗಳನ್ನಷ್ಟೇ ತೆಗೆದುಕೊಳ್ಳಿ: 721 × 287 = 2,06,927. ದೊಡ್ಡ ಸಂಖ್ಯೆಯ ತುದಿಯಲ್ಲಿರುವುದೂ 927.

ಇಷ್ಟಾಗಿ, ಕೋಲ್ ತೋರಿಸಿದ್ದರಿಂದ ಲ್ಯೂಕಾನ ಮಾತು ಹೆಚ್ಚು ನಿಜವಾಗಲಿಲ್ಲ. ಅದು ಅರ್ಧ ಜ್ಞಾನವೂ ಆಗಿರಲಿಲ್ಲ. ಬೇರೆಯೇ ಒಂದು ಪ್ರಶ್ನೆಗೆ ಪೂರ್ಣ ಉತ್ತರವಾಗಿತ್ತು. ಕಟ್ಟಿ ತೋರಿಸಲಾಗದ್ದನ್ನು ಇದೆ ಎನ್ನಬಾರದು ಎಂದು ವಾದಿಸಿದ ಡಚ್ ಗಣಿತಜ್ಞ ಬ್ರೌವರ್ ಕೂಡ ಇಲ್ಲಿ ತಕರಾರು ತೆಗೆಯುವಂತಿಲ್ಲ. ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ, ಎಷ್ಟೇ ಕಾಲ ಹಿಡಿಯಲಿ, ಅಪವರ್ತನ ಸಿಕ್ಕೇ ಸಿಗುತ್ತದೆ. ಅವನ ಆಕ್ಷೇಪ ಇದ್ದದ್ದು ಕೊನೆಯೇ ಇಲ್ಲದ ಹುಡುಕಾಟಗಳ ಬಗ್ಗೆ.

ಆದರೆ ಕೊನೆಯುಂಟು ಎನ್ನುವುದಕ್ಕೂ ನಮ್ಮ ಕೈಗೆ ಎಟುಕುತ್ತದೆ ಎನ್ನುವುದಕ್ಕೂ ಬಹಳ ದೂರ. ಕೋಲ್ ಒಡೆದ ಸಂಖ್ಯೆಯನ್ನು ಇಂದಿನ ಕಂಪ್ಯೂಟರ್ ಕ್ಷಣದಲ್ಲಿ ಒಡೆಯುತ್ತದೆ. 67ರ ಬದಲು 1277 ಎರಡುಗಳನ್ನು ಗುಣಿಸಿ ಒಂದು ಕಳೆದರೆ 385 ಅಂಕೆಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ ಎಂಬುದು ಸಿದ್ಧವಾಗಿದೆ. 2024ರ ಹೊತ್ತಿಗೂ ಅದರ ಒಂದು ಅಪವರ್ತನವೂ ಯಾರಿಗೂ ಸಿಕ್ಕಿರಲಿಲ್ಲ.