ಪಾದ್ರಿಯ ಧ್ವಜ

1916ರಲ್ಲಿ ಫ್ರಾನ್ಸಿನ ಆರ್ಮೆಂಟಿಯೇರ್ ಬಳಿ ಡೇವಿಡ್ ರೇಲ್ಟನ್ ಎಂಬ ಸೇನಾ ಪಾದ್ರಿ ಸತ್ತವರನ್ನು ಮಣ್ಣುಮಾಡಿ ಸಂಜೆ ಬಿಡಾರಕ್ಕೆ ಮರಳಿದರು. ಅಲ್ಲಿನ ತೋಟದಲ್ಲಿ ಒಂದು ಗೋರಿ, ತಲೆಯ ಕಡೆ ಒರಟು ಮರದ ಶಿಲುಬೆ. ಸತ್ತವನು ಹೆಸರು ತಿಳಿಯದ ಬ್ರಿಟಿಷ್ ಸೈನಿಕನೆಂದು ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ಈತನ ಮನೆಯವರಿಗೆ ನಾನು ಏನು ಮಾಡಬಲ್ಲೆ ಎಂಬ ಪ್ರಶ್ನೆ ರೇಲ್ಟನ್ನರನ್ನು ನಾಲ್ಕು ವರ್ಷ ಬಿಡಲಿಲ್ಲ. 1920ರಲ್ಲಿ ಅವರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಡೀನ್‌ಗೆ ಪತ್ರ ಬರೆದರು. ಆ ನವೆಂಬರ್ 11ರಂದು ಹೆಸರಿಲ್ಲದ ಒಬ್ಬ ಸಿಪಾಯಿಯನ್ನು ಆ ಅಬ್ಬೆಯಲ್ಲೇ ರಾಜರ ನಡುವೆ ಹೂಳಲಾಯಿತು. ಶವಪೆಟ್ಟಿಗೆಗೆ ಹೊದಿಸಿದ್ದು ರೇಲ್ಟನ್ನರ ಧ್ವಜವನ್ನೇ. ರಣರಂಗದಲ್ಲಿ ಅವರು ಪ್ರಭುಭೋಜನದ ಮೇಜಿಗೆ ಹಾಸುತ್ತಿದ್ದದ್ದು, ಸತ್ತವರಿಗೆ ಹೊದಿಸುತ್ತಿದ್ದದ್ದು ಅದೇ ಬಟ್ಟೆ.

ದೇಶದ ಧ್ವಜ ದೇವರ ಮೇಜಿನ ಮೇಲೆ ಇರಬಹುದೆ? ಯುದ್ಧಕ್ಕೆ ಪವಿತ್ರತೆಯ ಮುದ್ರೆ ಒತ್ತಿದಂತಾಗುವುದಿಲ್ಲವೆ? ಬಹಳ ಕಾಲ ನನಗೂ ಈ ಅಳುಕಿತ್ತು. ಈಗ ನನಗೆ ಕಾಣುವುದು ಬೇರೆ: ಧ್ವಜ ಇದ್ದದ್ದು ರೊಟ್ಟಿಯ ಮತ್ತು ಪಾತ್ರೆಯ ಕೆಳಗೆ. ದೇಶಕ್ಕಾಗಿ ತೆತ್ತದ್ದನ್ನೆಲ್ಲ ದೇವರ ಮುಂದೆ ಹಾಸಿಡಬಹುದು, ದೇವರ ಮೇಲೆ ಹೊದಿಸಬಾರದು. ಸೈನಿಕರನ್ನು ಗೌರವಿಸುವ ಕ್ರೈಸ್ತನಿಗೆ ಇರಬೇಕಾದ ಎಚ್ಚರ ಇದೇ.

ಎಚ್ಚರ ತಪ್ಪುವುದು ಸುಲಭ. ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಯೇ ಎಲ್ಲಕ್ಕಿಂತ ದೊಡ್ಡದೆಂದು ಯೇಸು ಹೇಳಿದ ಮಾತನ್ನು ಮೊದಲ ಮಹಾಯುದ್ಧದ ಎಷ್ಟೋ ಸ್ಮಾರಕಗಳ ಮೇಲೆ ಕೆತ್ತಿದರು. ಸಂಗಡಿಗನನ್ನು ಉಳಿಸಲು ಗುಂಡಿಗೆ ಎದೆಯೊಡ್ಡಿದವನಲ್ಲಿ ಆ ಪ್ರೀತಿ ಖಂಡಿತ ಇದೆ. ಆದರೆ ಯೇಸು ಅದನ್ನು ಹೇಳಿದ್ದು ಶಿಲುಬೆಯ ಹಿಂದಿನ ರಾತ್ರಿ, ಪೇತ್ರನ ಕತ್ತಿಯನ್ನು ಒರೆಗೆ ಸೇರಿಸಲು ಹೇಳಿದ ಅದೇ ರಾತ್ರಿ. ಸೈನಿಕನ ಸಾವನ್ನೂ ಕ್ರಿಸ್ತನ ಸಾವನ್ನೂ ಒಂದೇ ಮಾಡಿಬಿಟ್ಟರೆ, ಆ ಸೈನಿಕನ ಕೈಯಲ್ಲಿ ಸತ್ತವನೂ ದೇವರ ಸೃಷ್ಟಿಯೇ ಎಂಬುದು ಮರೆತುಹೋಗುತ್ತದೆ.

ನಮ್ಮ ನಾಡಿನ ವೀರಗಲ್ಲುಗಳ ಮುಂದೆ ನಿಂತಾಗ ನನಗೆ ಇದೇ ಯೋಚನೆ. ಸಾಮಾನ್ಯವಾಗಿ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ವೀರ. ನಡುವಿನ ಪಟ್ಟಿಕೆಯನ್ನು ಕ್ರೈಸ್ತ ಶಿಲ್ಪಿ ಕೆತ್ತಲಾರ. ರಣದಲ್ಲಿ ಮಡಿದದ್ದರಿಂದಲೇ ಮೋಕ್ಷವೆಂದು ನಮ್ಮ ನಂಬಿಕೆ ಹೇಳುವುದಿಲ್ಲ, ಅದು ಕೃಪೆಯಿಂದ ಬರುವಂಥದ್ದು. ಆದರೆ ಮೇಲಿನ ಪಟ್ಟಿಕೆಯ ಮುಂದೆ ನಾನು ತಲೆಬಾಗುತ್ತೇನೆ. ಊರೆಲ್ಲ ಕೊಂಡಾಡುವ ವೀರ ಅಲ್ಲಿ ತಾನೇ ಕೈಮುಗಿದಿದ್ದಾನೆ.

ಸತ್ಯವೇದ ಸೈನಿಕರನ್ನು ದೂರವಿಟ್ಟಿಲ್ಲ. ನಾವೇನು ಮಾಡಬೇಕೆಂದು ಸಿಪಾಯಿಗಳು ಕೇಳಿದಾಗ ಸ್ನಾನಿಕ ಯೋಹಾನ ಅವರಿಗೆ ಕೆಲಸ ಬಿಡಲು ಹೇಳಲಿಲ್ಲ. ಜನರನ್ನು ಹಿಂಸಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಯೇಸು ಮೆಚ್ಚಿದ್ದು ಕಪೆರ್ನೌಮಿನ ಶತಾಧಿಪತಿಯ ನಂಬಿಕೆಯನ್ನು, ಅವನ ಯುದ್ಧಗಳನ್ನಲ್ಲ. ಮುಂದೆ ಸಭೆ, ಆಯುಧ ಕೆಳಗಿಟ್ಟು ಸೇನೆ ತೊರೆದ ತೂರ್ಸಿನ ಮಾರ್ಟಿನನನ್ನೂ ಸಂತನೆಂದು ಗೌರವಿಸಿತು. ಅವನ ಹಬ್ಬವೂ ನವೆಂಬರ್ 11ರಂದೇ. 1918ರಲ್ಲಿ ತೋಪುಗಳು ಸುಮ್ಮನಾದದ್ದು ಆ ದಿನವೇ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕೊರ್ನೇಲ್ಯನ ಪ್ರಸಂಗ. ಪೇತ್ರ ಮನೆಯೊಳಗೆ ಬರುತ್ತಿದ್ದಂತೆ ಈ ರೋಮನ್ ಶತಾಧಿಪತಿ ಅವನ ಪಾದಕ್ಕೆ ಬಿದ್ದ. ಪೇತ್ರ ತಾನೂ ಮನುಷ್ಯನೇ ಎಂದು ಹೇಳಿ ಅವನನ್ನು ಹಿಡಿದೆತ್ತಿದ, ಮಾತಾಡುತ್ತ ಒಳಗೆ ನಡೆದ. ಗೌರವಕ್ಕೂ ಆರಾಧನೆಗೂ ಇರುವ ಗೆರೆ ಇಲ್ಲಿದೆ. ಅಪೊಸ್ತಲನಿಗೆ ಸಲ್ಲದ ಆರಾಧನೆ ಸೈನಿಕನಿಗೂ ಸಲ್ಲದು. ಸಲ್ಲುವುದು ಹಿಡಿದೆತ್ತುವ ಆ ಕೈ. ದೇವರಂತೆ ಪೀಠದ ಮೇಲೆ ಕೂರಿಸಿದವನಿಗೆ ರಾತ್ರಿ ನಿದ್ದೆ ಬಾರದಿದ್ದರೆ, ಮಾಡಿದ್ದೊಂದು ಕೊರೆಯುತ್ತಿದ್ದರೆ, ಅದನ್ನು ಹೇಳಿಕೊಳ್ಳುವುದಾದರೂ ಯಾರಿಗೆ? ವಿಗ್ರಹ ಅಳಬಾರದಲ್ಲ. ಆರಾಧನೆಯೆಲ್ಲ ದೇವರಿಗೆ ಸಂದಾಗಲೇ ಸೈನಿಕ ನಮ್ಮ ನಡುವೆ ಮನುಷ್ಯನಾಗಿ ಕೂರಬಲ್ಲ, ತಪ್ಪೊಪ್ಪಿಕೊಳ್ಳಬಲ್ಲ, ಕ್ಷಮೆ ಪಡೆಯಬಲ್ಲ.

ಆದ್ದರಿಂದ ಒಂದು ವಿನಂತಿ. ನಿಮ್ಮ ಸಭೆಯಲ್ಲಿ ಮಾಜಿ ಸೈನಿಕರಿದ್ದರೆ, ವರ್ಷಕ್ಕೊಮ್ಮೆ ಅವರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿ ಮುಗಿಸಬೇಡಿ. ಆರಾಧನೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಹಿಂದಿರುಗದ ಜೊತೆಗಾರರ ಹೆಸರುಗಳನ್ನು ಅವರು ಹೇಳಿದರೆ ಬರೆದುಕೊಳ್ಳಿ, ಮುಂದಿನ ಭಾನುವಾರದ ಪ್ರಾರ್ಥನೆಯಲ್ಲಿ ಆ ಹೆಸರುಗಳನ್ನು ಓದಿ.