ನೀರು ಇಳಿದ ದಾರಿಯಲ್ಲೇ ರೈಲು

ಹಾಸನದ ಮೇಲೆ ಹಾಯ್ದು ಮಂಗಳೂರಿಗೆ ಹೋಗುವ ರೈಲಿನಿಂದ ಸಮುದ್ರ ಕಾಣುವುದಿಲ್ಲ. ಮೊದಲ ಸಲ ಹೋಗುವವರು, ಅದರಲ್ಲೂ ಮಕ್ಕಳು, ಬಂಟ್ವಾಳ ದಾಟಿದ ಮೇಲೆ ಕಿಟಕಿಗೆ ಮೂಗು ಒತ್ತಿ ಕಾಯುತ್ತಾರೆ. ತೆಂಗು ಬರುತ್ತದೆ, ಅಡಿಕೆ ತೋಟ ಬರುತ್ತದೆ, ಹೆಂಚಿನ ಮನೆಗಳು ಬರುತ್ತವೆ, ಕೊನೆಗೆ ಪಡೀಲಿನ ಮಂಗಳೂರು ಜಂಕ್ಷನ್ನೂ ಬಂದುಬಿಡುತ್ತದೆ. ಕಡಲು ಮಾತ್ರ ಇಲ್ಲ. ಅದನ್ನು ನೋಡಬೇಕೆಂದರೆ ಇಳಿದು ಆಟೊ ಹಿಡಿದು ಪಣಂಬೂರಿಗೋ ಉಳ್ಳಾಲಕ್ಕೋ ಹೋಗಬೇಕು. ಇಷ್ಟು ದೂರ ಕರೆತಂದು ಕಡಲನ್ನೇ ತೋರಿಸದ ರೈಲಿನ ಮೇಲೆ ಮಕ್ಕಳಿಗೆ ಸಿಟ್ಟು ಬಂದರೆ ತಪ್ಪೇನಿಲ್ಲ. ಆದರೆ ಈ ದಾರಿಯಲ್ಲಿ ಕಡಲಿನ ಕತೆ ಶುರುವಾಗುವುದು ಕೆಳಗಲ್ಲ, ಮೇಲೆ, ಘಟ್ಟದ ನೆತ್ತಿಯಲ್ಲಿ. ಅಲ್ಲಿ ಬಹುಪಾಲು ಜನ ಚಹಾ ಕುಡಿಯುತ್ತಾ ಕೂತಿರುತ್ತಾರೆ.

ಸಕಲೇಶಪುರದ ಹತ್ತಿರ ಹೇಮಾವತಿ ಸಿಗುತ್ತಾಳೆ. ಮೂಡಿಗೆರೆ ಕಡೆಯಿಂದ ಇಳಿದು ಬರುವ ಈ ಹೊಳೆ ಅರಬ್ಬೀ ಸಮುದ್ರಕ್ಕೆ ಇಷ್ಟು ಹತ್ತಿರ ಹುಟ್ಟಿಯೂ ಅದಕ್ಕೆ ಬೆನ್ನು ಹಾಕಿದವಳು. ಗೊರೂರು, ಕೃಷ್ಣರಾಜಸಾಗರ, ಶಿವನಸಮುದ್ರ, ಮೆಟ್ಟೂರು, ತಂಜಾವೂರು ಸೀಮೆ, ಇಷ್ಟನ್ನೆಲ್ಲ ಸುತ್ತಿ, ಕಾವೇರಿಯ ಹೆಸರು ಹೊತ್ತು, ಅಡ್ಡಕಟ್ಟೆ ಕಾಲುವೆಗಳಿಗೆ ಸಂದು ಉಳಿದದ್ದು ಬಂಗಾಳ ಕೊಲ್ಲಿಗೆ. ಸಕಲೇಶಪುರ ಬಿಟ್ಟು ಸ್ವಲ್ಪ ಮುಂದೆ ದೋಣಿಗಲ್ ಎಂಬ ಸ್ಟೇಷನ್. ಅಲ್ಲಿಂದ ಹಳಿ ಪಶ್ಚಿಮಕ್ಕೆ ಬಾಗುತ್ತದೆ. ಅಲ್ಲಿ ಬಿದ್ದ ಮಳೆಗೆ ಹೇಮಾವತಿಯ ಪರಿಚಯವೇ ಇಲ್ಲ. ತೊರೆಯಾಗಿ ಕೆಂಪುಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಉಳ್ಳಾಲ-ಬೆಂಗ್ರೆಯ ಅಳಿವೆಗೆ. ಒಂದೇ ಮೋಡ, ಒಂದೇ ಮಧ್ಯಾಹ್ನದ ಮಳೆ. ಮಾಡಿನ ಕೋಡಿಗೆ ಬಿದ್ದ ನೀರು ಎರಡು ಕಡೆಗೂ ಇಳಿದು ಹೋಗುವ ಹಾಗೆ, ಗಾಳಿ ಕೊಂಚ ಜೋರಾಗಿ ಬೀಸಿದರೆ ಹನಿಯ ಹಣೆಬರಹವೇ ಬದಲು.

ಇಲ್ಲಿ ಒಂದು ಬೋರ್ಡಿಲ್ಲ. ರಾಜ್ಯದ ಗಡಿಗೆ, ಜಿಲ್ಲೆಯ ಗಡಿಗೆ ಸ್ವಾಗತ ಕಮಾನು ಕಟ್ಟುವ ನಾವು ಎರಡು ಸಮುದ್ರಗಳ ಗಡಿಗೆ ಈ ಹಳಿಯ ಪಕ್ಕದಲ್ಲಿ ಒಂದು ಕಲ್ಲನ್ನೂ ನೆಟ್ಟಿಲ್ಲ. ನೆಡದಿರುವುದೇ ಒಳ್ಳೆಯದೇನೋ, ನೆಟ್ಟರೆ ಸೆಲ್ಫಿಗೆಂದು ಜನ ಹಳಿಯ ಮೇಲೆ ಇಳಿಯುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಕೈಯಲ್ಲಿರುವ ನೀರಿನ ಬಾಟಲಿ. ಬೆಂಗಳೂರಿನ ಮನೆಯ ನಲ್ಲಿಯಲ್ಲಿ ಹಿಡಿದದ್ದು. ಕಾವೇರಿ ನೀರು ಎನ್ನುತ್ತೇವೆ, ಅದರಲ್ಲಿ ಹೇಮಾವತಿಯ ಪಾಲೂ ಇದೆ. ಎಂದರೆ ಈ ಬೆಟ್ಟಗಳ ಮೇಲೆ ಬಿದ್ದ ಯಾವುದೋ ಮಳೆ ಪೂರ್ವಕ್ಕೆ ಹರಿದು, ಅಣೆಕಟ್ಟೆಯಲ್ಲಿ ನಿಂತು, ಪಂಪುಗಳ ಬಲದಿಂದ ಬೆಂಗಳೂರಿನ ದಿಣ್ಣೆ ಹತ್ತಿ, ಬಾಟಲಿ ಸೇರಿ, ರೈಲು ಹತ್ತಿ, ಹುಟ್ಟಿದೂರಿಗೆ ಬಂದಿದೆ. ಇನ್ನು ಅರ್ಧ ಗಂಟೆಯಲ್ಲಿ, ತಾನಾಗಿ ಎಂದೂ ದಾಟಲಾಗದಿದ್ದ ನೆತ್ತಿಯನ್ನು ನಮ್ಮ ಜೊತೆ ದಾಟಿ ಪಡುವಣಕ್ಕೆ ಇಳಿಯುತ್ತದೆ. ಇದೇ ಸೀಮೆಯಲ್ಲಿ ಇದಕ್ಕೆ ತಿರುಗುಮುರುಗಾದ ಕೆಲಸವನ್ನು ಸರ್ಕಾರ ದೊಡ್ಡದಾಗಿ ಕೈಗೆತ್ತಿಕೊಂಡಿದೆ. ಪಡುವಣಕ್ಕೆ ಹೊರಟ ಹಳ್ಳಗಳನ್ನು ತಡೆದು ಪೂರ್ವಕ್ಕೆ ಎತ್ತಿ ಹಾಯಿಸುವ ಎತ್ತಿನಹೊಳೆ ಯೋಜನೆ, ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆ ನೀರಿಗೆ ಕಾದಿರುವ ಕೋಲಾರದ ಬಾಯಾರಿಕೆ ಸುಳ್ಳಲ್ಲ. ಆದರೂ ಬಾಟಲಿಯಲ್ಲಿ ಕಂಡ ಸೋಜಿಗ ಪೈಪಿನಲ್ಲಿ ನನಗೆ ಕಾಣುವುದಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಎತ್ತರ ಇಳಿಯಬೇಕು. ಇಳಿಜಾರು ಐವತ್ತಕ್ಕೆ ಒಂದು, ಎಂದರೆ ಐವತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಕೆಳಗೆ. ಕಾರಿಗೆ ಇದು ಲೆಕ್ಕಕ್ಕಿಲ್ಲ, ಕಬ್ಬಿಣದ ಮೇಲೆ ಉರುಳುವ ಕಬ್ಬಿಣದ ಗಾಲಿಗೆ ಇದು ಭಾರೀ ಇಳಿಜಾರು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ನಡುವೆ ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಸ್ಟೇಷನ್‌ಗಳು. ಹೆಸರು ಬರೆದ ಹಳದಿ ಫಲಕ ಬಿಟ್ಟರೆ ಸುತ್ತ ಕಾಡು. ಎಂಜಿನಿಯರುಗಳು ಎಷ್ಟು ನಕ್ಷೆ ಬಿಡಿಸಿದರೂ ಕೊನೆಗೆ ಒಪ್ಪಿದ್ದು ಹೊಳೆ ಕೊರೆದಿಟ್ಟ ಕಣಿವೆಯನ್ನೇ. ನೀರು ಸರಸರ ಇಳಿದುಹೋದ ದಾರಿಯ ಪಕ್ಕದಲ್ಲೇ, ಬೆಟ್ಟಕ್ಕೆ ಒರಗಿಕೊಂಡು, ರೈಲು ಬ್ರೇಕು ಹಿಡಿದು ಹಿಡಿದು ಇಳಿಯುತ್ತದೆ. ಸೈಕಲ್ ಸವಾರ ಹಿಂದೆ ಹಾಕಬಹುದಾದ ವೇಗ. ಬ್ರೇಕಿನ ಕಮಟು ವಾಸನೆ ಬೋಗಿಯೊಳಕ್ಕೆ ಬರುತ್ತದೆ. ಫೋನಿನಲ್ಲಿ ನೆಟ್‌ವರ್ಕ್ ಸಾಯುತ್ತದೆ, ಆಗ ಜನ ಒಬ್ಬೊಬ್ಬರಾಗಿ ತಲೆ ಎತ್ತುತ್ತಾರೆ.

ಮೊದಲ ಸುರಂಗ ಹೊಕ್ಕಾಗ ಬೋಗಿಯ ಹುಡುಗರೆಲ್ಲ ಹೋ ಎಂದು ಕೂಗುತ್ತಾರೆ, ಎರಡನೆಯದಕ್ಕೆ ಕಾಲೇಜಿನವರೂ ಸೇರುತ್ತಾರೆ. ಹತ್ತು ಹದಿನೈದು ಸುರಂಗ ಕಳೆಯುವಷ್ಟರಲ್ಲಿ ಗಂಟಲು ಬತ್ತಿ ಸದ್ದಡಗುತ್ತದೆ. ಆಮೇಲೆ ನೋಡುವುದಕ್ಕೆ ಬಿಡುವು. ಸುರಂಗದ ಬಾಯಿಯಲ್ಲಿ ಬಂಡೆಯ ಬಿರುಕಿನಿಂದ ನೀರು ಜಿನುಗಿ ಹಾವಸೆಯ ಮೇಲೆ ಹರಿದು ಹಳಿಯ ಪಕ್ಕದ ಚರಂಡಿ ಸೇರುತ್ತಿರುತ್ತದೆ. ಬೆರಳು ದಪ್ಪವೂ ಇರದ ಧಾರೆ. ಮುಂದಿನ ತಿರುವಿನಲ್ಲಿ ಅದು ತೊರೆ, ಅದರ ಮುಂದಿನ ಸೇತುವೆಯ ಕೆಳಗೆ ಕೆಂಬಣ್ಣದ ಹೊಳೆ.

ಈ ಹಳಿ ಬರುವ ಮುಂಚೆಯೂ ಮಂಗಳೂರಿಗೆ ರೈಲಿತ್ತು. 1907ರಲ್ಲೇ ಬಂತು, ಆದರೆ ತೆಂಕಣದಿಂದ, ಶೊರನೂರಿನ ಕಡೆಯಿಂದ. 1956ರಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು, ರೈಲು ಸೇರಲಿಲ್ಲ. ಬೆಂಗಳೂರಿನಿಂದ ರೈಲಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದವರು ಜೋಲಾರಪೇಟೆ, ಪಾಲಕ್ಕಾಡು ಸುತ್ತಿ, ಎರಡು ಪರರಾಜ್ಯ ಕಂಡು ತಮ್ಮದೇ ರಾಜ್ಯಕ್ಕೆ ಮರಳಬೇಕಿತ್ತು. ಘಟ್ಟ ಇಳಿಯುವ ದಾರಿ ತೆರೆದದ್ದು 1979ರಲ್ಲಿ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ನಿಂತದ್ದು ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರಿನ ಕಾಲೇಜು ದಿನಗಳು ಹಾಗೇ ಬಸ್ಸಿನಲ್ಲಿ ಕಳೆದವು.

ಈಗಲೂ ಈ ದಾರಿ ಖಾಯಂ ಎಂದು ಹೇಳುವಂತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಹಳಿ ಮುಚ್ಚಿದವು. 2024ರ ಜುಲೈ ಕೊನೆಗೆ ಕಡಗರವಳ್ಳಿ-ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಮಳೆಗಾಲದ ರಾತ್ರಿಗಳಲ್ಲಿ, ನಾವು ಬರ್ತಿನಲ್ಲಿ ಹೊದ್ದು ಮಲಗಿರುವಾಗ, ಟ್ರ್ಯಾಕ್‌ಮ್ಯಾನ್‌ಗಳು ಟಾರ್ಚು ಹಿಡಿದು ಈ ಹಳಿಯಗುಂಟ ನಡೆಯುತ್ತಾರೆ. ಜಿಗಣೆ, ಆನೆ, ಬಿಡದ ಮಳೆ. ಕಲ್ಲು ಉರುಳಿದೆಯೇ, ಮಣ್ಣು ಸಡಿಲವಾಗಿದೆಯೇ ಎಂದು ಅವರು ನೋಡಿ ಸರಿ ಎಂದರೆ ಮಾತ್ರ ರೈಲು ಮುಂದೆ. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು 2021ರಿಂದ ಇಲ್ಲಿ ಓಡುತ್ತಿವೆ, ಬೆರಗಿಗೆ ಬೇರೆ ದರದ ಟಿಕೆಟೂ ಇದೆ. ತೆಗೆಯುವವರು ತೆಗೆಯಲಿ. ಸಾದಾ ಬೋಗಿಯ ತೆರೆದ ಕಿಟಕಿಯಲ್ಲಿ ಮುಖಕ್ಕೆ ಇರಚಲು ಹೊಡೆಯುವಷ್ಟು ಹತ್ತಿರ ಆ ಗಾಜು ನಮ್ಮನ್ನು ಬಿಡುವುದಿಲ್ಲ.

ನೆಟ್ಟಣದಲ್ಲಿ, ಎಂದರೆ ಸುಬ್ರಹ್ಮಣ್ಯ ರೋಡಿನಲ್ಲಿ, ಗಾಡಿ ನಿಂತ ಕೂಡಲೇ ಸೆಕೆ ಒಳಗೆ ಬರುತ್ತದೆ. ಘಟ್ಟದ ಮೇಲೆ ಹಾಕಿದ ಸ್ವೆಟರು ಬ್ಯಾಗು ಸೇರುತ್ತದೆ. ಮಾತಿನ ಧಾಟಿ ಬದಲಾಗುತ್ತದೆ. “ಬಿಸಿ ಉಂಟು, ಅಜ್ಜಿ, ಚಟ್ಟಂಬಡೆ ಈಗ ತೆಗೆದದ್ದು” ಎಂದು ಮಾರುವವನು ಅಜ್ಜಿಗೆ ಕನ್ನಡದಲ್ಲೂ ಪಕ್ಕದವರಿಗೆ ತುಳುವಿನಲ್ಲೂ ಅದೇ ಉಸಿರಿಗೆ ಹೇಳುತ್ತಾನೆ. ಇಷ್ಟಾಗುವಾಗ ಕಡಲು ಬಂದಂತೆಯೇ. ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಪುತ್ತೂರು ಕಳೆದು, ಬಂಟ್ವಾಳಕ್ಕೆ ಮುಂಚೆ ನೇತ್ರಾವತಿಯ ಸೇತುವೆ. ಹುಡುಗರು ಕೂಗಿ ದಣಿದ ಸುರಂಗದ ಬಾಯಲ್ಲಿ ಜಿನುಗುತ್ತಿದ್ದ ನೀರಿಗೂ ಅಳಿವೆಗೆ ಹೋಗಲು ಇದೇ ದಾರಿ. ಅದರ ಜೊತೆ ಘಟ್ಟದ ಮಣ್ಣೂ ಇಳಿಯುತ್ತದೆ. ಹಾಗೆ ಇಳಿದು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಕೂತ ಜೇಡಿಯನ್ನು ನೋಡಿಯೇ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು. ಸುಟ್ಟ ಆ ಹೆಂಚು ಹಡಗು ಹತ್ತಿ ದೇಶಾಂತರ ಹೋಯಿತು, ಗಾಡಿ ಹತ್ತಿ ಘಟ್ಟದ ಮೇಲಕ್ಕೂ ಹೋಯಿತು. ಮಳೆ ಕೊಚ್ಚಿ ತಂದ ಬೆಟ್ಟ ಮನೆಯ ಮಾಡಾಗಿ ಬೆಟ್ಟಕ್ಕೇ ಮರಳಿ, ಅದೇ ಮಳೆಯನ್ನು ತಡೆಯುತ್ತಾ ಕೂತಿದೆ. ಸಕಲೇಶಪುರದ ಹಳೆಯ ಮನೆಗಳ ಮಾಡನ್ನು ಇಷ್ಟು ತಿಳಿದ ಮೇಲೆ ಸುಮ್ಮನೆ ದಾಟಿ ಹೋಗಲು ನನ್ನಿಂದಾಗುವುದಿಲ್ಲ.

ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವವರಿಗೆ ಇದರಲ್ಲಿ ಒಂದೂ ಸಿಗದು. ಆಫೀಸು, ಮದುವೆ, ಆಸ್ಪತ್ರೆ ಎಂದು ಹೋಗುವವರ ಮಾತು ಬೇರೆ. ಉಳಿದವರು ಯಶವಂತಪುರದಿಂದ ಹೊರಡುವ ಹಗಲು ರೈಲು ಹಿಡಿಯಿರಿ, ಸಾಧ್ಯವಾದರೆ ಜುಲೈ-ಆಗಸ್ಟಿನಲ್ಲಿ. ಗುಡ್ಡ ಜರಿದು ರೈಲು ರದ್ದಾದರೆ ಟಿಕೆಟಿನ ಹಣ ವಾಪಸು ಬರುತ್ತದೆ. ಹಳಿ ಸರಿಯಾದ ಮೇಲೆ ಮತ್ತೆ ತೆಗೆಯಿರಿ.