ತಾಯಿಯನ್ನು ಕಾಯುವವರು ಯಾರು?


 

ಮೆತ್ತ ಸುತ್ತದಲ್ಲಿ ಭಗವಾನರು ಮೈತ್ರಿಗೆ ಕೊಡುವ ಹೋಲಿಕೆ ತಾಯಿಯದು. ಇರುವ ಒಂದೇ ಮಗುವನ್ನು ತಾಯಿ ಪ್ರಾಣ ಕೊಟ್ಟಾದರೂ ಕಾಯುವಂತೆ ಎಲ್ಲ ಜೀವಿಗಳ ಬಗ್ಗೆಯೂ ಮನಸ್ಸಿರಲಿ ಎನ್ನುತ್ತಾರೆ. ಇದನ್ನು ವರ್ಷಗಟ್ಟಲೆ ಪಠಿಸಿದವನು ನಾನು. ನನ್ನ ಮನೆಯಲ್ಲೇ ಒಬ್ಬ ತಾಯಿ ಸೋತು ಮಲಗಿದಾಗ ಅದು ನೆನಪಿಗೆ ಬರಲಿಲ್ಲ.

ಆಗ ತುರುವೇಕೆರೆ ಹತ್ತಿರ ಕಾಯಿ ಸುಲಿಯುವ ಕೆಲಸ ನನ್ನದು. ಹೆಂಡತಿಗೆ ತಾಯಿ ಇರಲಿಲ್ಲ, ಬಾಣಂತನ ನಮ್ಮ ಮನೆಯಲ್ಲೇ. ಕೂಸು ಅತ್ತರೂ ಎತ್ತಿಕೊಳ್ಳದೆ ಅವಳು ಗೋಡೆ ನೋಡುತ್ತಿದ್ದಳು. ಗಾಳಿ ಸೋಕಿದೆ ಎಂದು ಮನೆಯವರು ತಾಯತ ಕಟ್ಟಿಸಿದರು. ನಾನು, "ನೀನೂ ಒಬ್ಬ ತಾಯಾ?" ಅಂದುಬಿಟ್ಟೆ. ಪಕ್ಕದ ಮನೆಯ ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ದಿನಾ ಬಂದು ಅವಳಿಗೆ ಬಿಸಿ ಮುದ್ದೆ ಉಣ್ಣಿಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವಿ, ಅವಳ ಕೈ ಹಿಡಿದು ಕೂಸಿನ ಬೆನ್ನ ಮೇಲಿಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಮಗುವನ್ನು ನೋಡಿ ನಕ್ಕಳು.

ಅದು ಕಾಯಿಲೆ, ಕೆಟ್ಟತನವಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗುವಿನ ವಾರ್ಡು ಶುರುವಾಯಿತು. ಅಲ್ಲಿ ಬಾಣಂತಿಯ ಮನಸ್ಸಿಗೆ ಚಿಕಿತ್ಸೆ ನಡೆಯುವಾಗ ಕೂಸೂ ಜೊತೆಯಲ್ಲೇ ಇರುತ್ತದೆ. 2012ರಲ್ಲಿ ಇಂಗ್ಲೆಂಡಿನ ಸಂಶೋಧಕರು ಒಂದು ವಿಷಯ ಬರೆದರು: ಬಸಿರಲ್ಲಿ ಖಿನ್ನತೆ ಅನುಭವಿಸಿದ ತಾಯಂದಿರು ಮೊದಲ ವಾರಗಳಲ್ಲಿ ಕೂಸಿನ ಮೈ ಹೆಚ್ಚು ನೇವರಿಸಿದ್ದರೆ, ಏಳು ತಿಂಗಳಾದಾಗ ಆ ಖಿನ್ನತೆಯ ಪರಿಣಾಮ ಕೂಸಿನಲ್ಲಿ ಅಷ್ಟಾಗಿ ಕಾಣಲಿಲ್ಲ. ಓದಿದಾಗ ಅಜ್ಜಿಯ ಕೈ ಕಣ್ಣಿಗೆ ಬಂತು.

ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ಮಾಯಾದೇವಿ ತೀರಿಕೊಂಡರು. ಹಾಲೂಡಿಸಿ ಬೆಳೆಸಿದವರು ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ. ಆ ಮಡಿಲು ಇಲ್ಲದಿದ್ದರೆ? ಇದು ಇದ್ದರೆ ಅದು ಎನ್ನುವುದೇ ಪಟಿಚ್ಚಸಮುಪ್ಪಾದ. ಮೊಳೆತ ತೆಂಗು ಮೊದಲ ತಿಂಗಳುಗಳಲ್ಲಿ ಕಾಯೊಳಗಿನ ತಿರುಳನ್ನೇ ಉಂಡು ಬೆಳೆಯುತ್ತದೆ. ಆದರೆ ಮಡಿಗೆ ನೀರು ಹಾಯಿಸಬೇಕಾದವರು ನಾವು.

ಇಂದಿನ ಅಭ್ಯಾಸ: ಬಾಣಂತಿಯ ಮನೆಗೆ ಹೋದರೆ ಮಗು ಯಾರ ಹಾಗಿದೆ ಎನ್ನುವ ಮೊದಲು, "ಉಂಡೆಯೇನವ್ವಾ? ನಿದ್ದೆ ಬಂತಾ?" ಎಂದು ಕೇಳೋಣ. ಎರಡು ವಾರವಾದರೂ ದುಃಖ ಇಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸೋಣ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡೋಣ. ಅದು ಉಚಿತ.

ಅಂದು ನಾನಾಡಿದ ಮಾತಿಗೆ ಹೆಂಡತಿಯಲ್ಲಿ ಕ್ಷಮೆ ಕೇಳಿದ್ದು ಹೋದ ವರ್ಷ. ನೀವು ಅಷ್ಟು ತಡ ಮಾಡಬೇಡಿ.

ಭವತು ಸಬ್ಬ ಮಂಗಲಂ 🪷